ಅಧ್ಯಕ್ಷರ ಮತ

ಟೋರೆಯಾ ತೀರ,
12 ನವೆಂಬರ್ 1978

ನೋಲಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಕುರಿಗಳ ತುಪ್ಪಟ ಕತ್ತರಿಸುವ ತಂಡ ಬಂದಿತ್ತು, ಕೂತು ಬರೆಯಲು ಬಿಡುವಾಗಲಿಲ್ಲ. ತಂಡದ ಅಡಿಗೆಯವಳು ಎರಡನೆಯ ದಿನವೇ ಕೈಕೊಟ್ಟಳು. ಅಷ್ಟು ಜನಕ್ಕೂ ನಿಮ್ಮಮ್ಮನೇ ಬೇಯಿಸಿ ಹಾಕಿದಳು. ಈಗ ಯಾರು ಎದುರಿಗೆ ಬಂದರೂ ಸಿಡಿಮಿಡಿ ಅನ್ನುತ್ತಾಳೆ, ಅದರಲ್ಲೂ ನಾನು ಬಂದರೆ. ಜಿಪ್ ನಾಯಿಯ ಕಾಲು ವಾಸಿಯಾಗಿದೆ. ಮಳೆ ಸಾಲದು.

ತೀರದ ಮರಳಿನಲ್ಲಿ ಈ ಸಲದ ಕುದುರೆ ಓಟ ಮಾರ್ಚ್ 3, ಶನಿವಾರ. ಬಹುಮಾನದ ಕಪ್ಪಿನ ಓಟ ಎಂದಿನ ಹಾಗೆ ಕೊನೆಗೆ. ಮೊನ್ನೆ ಗುರುವಾರ ಊರ ಸಭಾಂಗಣದಲ್ಲಿ ಸಮಿತಿ ಸೇರಿತ್ತು. ಮೊದಲ ವಿಷಯ, ಮರಳು ಸಮ ಮಾಡುವುದಕ್ಕೆ ಯಾರ ಟ್ರ್ಯಾಕ್ಟರ್ ಎಂಬುದು. ನಮ್ಮದು. ಎರಡನೆಯದು, ಪಾಯಿಖಾನೆಗಳನ್ನು ದಿಬ್ಬದ ಯಾವ ಕಡೆ ಕಟ್ಟಬೇಕು ಎಂಬುದು. ಇದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಮೂರನೆಯದು, ಕಪ್ಪಿನ ಓಟದಲ್ಲಿ ಹೆಂಗಸರೂ ಕುದುರೆ ಹತ್ತಬಹುದೇ ಎಂಬುದು. ಆರು ಮತ ಪರ, ಎರಡು ವಿರೋಧ. ಅಧ್ಯಕ್ಷನಾದ ನನ್ನ ಮತ ಬೇಕಾಗಲಿಲ್ಲ. ತಿಳಿದಿರಲಿ ಎಂದು ಬರೆದಿದ್ದೇನೆ.

ಬಿಡ್ಡಿ ಕುದುರೆಗೆ ಹನ್ನೆರಡು ತುಂಬಿತು. ಈ ಮಾರ್ಚಿನದೇ ಅವಳ ಕೊನೆಯ ಓಟ. ಆಮೇಲೆ ಹುಲ್ಲುಗಾವಲಿಗೆ ಬಿಟ್ಟುಬಿಡುತ್ತೇನೆ. ನಮ್ಮ ಸಮಿತಿಯ ಟಿಪೆನೆಯ ತಂಗಿಯ ಮಗ ಹೋನೆ ಹತ್ತುತ್ತಾನೆ ಎಂದು ಮಾತಾಗಿದೆ.

ಇಂತಿ,
ಡೂಗಲ್ ಮೀಕ್

(ಮೂರನೆಯ ವಿಷಯವನ್ನು ನಿಮ್ಮಪ್ಪ ಪಾಯಿಖಾನೆಯ ಕೆಳಗೆ ಬರೆದಿದ್ದಾನೆ. ಆದರೆ ಅವತ್ತು ಮನೆಗೆ ಬಂದು ಮೊದಲು ಹೇಳಿದ್ದು ಅದನ್ನೇ. ಬೆಚ್ಚಗಿರು. — ಅಮ್ಮ)


ಆ್ಯಶ್‌ಬರ್ಟನ್,
1 ಡಿಸೆಂಬರ್ 1978

ಅಪ್ಪ,

ಆರು–ಎರಡು. ಸಂತೋಷ. ವಿರೋಧದ ಎರಡರಲ್ಲಿ ಒಂದು ಕ್ಲಾರಿ ಬಟಲ್‌ನದು ಎಂದು ನೀನು ಹೇಳದಿದ್ದರೂ ಗೊತ್ತಾಗುತ್ತದೆ.

ಮೂರು ವರ್ಷದ ಹಿಂದೆ ಅದೇ ಸಭಾಂಗಣದಲ್ಲಿ ನಾನು ಎದ್ದು ನಿಂತು, ಬಿಡ್ಡಿಯನ್ನು ನಾನೇ ಓಡಿಸುತ್ತೇನೆ ಎಂದು ಕೇಳಿದಾಗ ನಾಲ್ಕು–ನಾಲ್ಕಾಗಿತ್ತು. ಅವತ್ತು ಅಧ್ಯಕ್ಷರ ಮತ ಬೇಕಾಯಿತು. ನೀನು ಕನ್ನಡಕ ತೆಗೆದು ಒರೆಸಿಕೊಂಡು ‘ಇಲ್ಲ’ ಅಂದೆ. ಮರುವಾರ ನಾನು ಕಡಲು ದಾಟಿ ಇಲ್ಲಿಯ ಲಾಯದ ಕೆಲಸಕ್ಕೆ ಬಂದೆ. ಇದನ್ನು ಜಗಳಕ್ಕೆ ಬರೆಯುತ್ತಿಲ್ಲ. ನಿನ್ನ ಕಾಗದದಲ್ಲಿ ಈ ಸಾಲು ಬಿಟ್ಟುಹೋಗಿದೆ ಅನಿಸಿತು, ಅದಕ್ಕೆ.

ಇಲ್ಲಿ ದಿನಾ ಬೆಳಿಗ್ಗೆ ಆರು ಕುದುರೆಗಳನ್ನು ಓಡಿಸುತ್ತೇನೆ. ನಾನು ಹೆಂಗಸು ಎಂದು ಲಾಯದ ಯಜಮಾನ ಇದುವರೆಗೆ ಒಂದು ಮಾತೂ ಆಡಿಲ್ಲ. ಬಾಯಿಗೆ ಕಡುಬು ತುರುಕಿಕೊಂಡ ಹಾಗಿರುತ್ತಾನೆ, ಬೇರೆ ಮಾತನ್ನೂ ಆಡುವುದಿಲ್ಲ. ಆ ಮಟ್ಟಿಗೆ ಮನೆಯಲ್ಲೇ ಇದ್ದ ಹಾಗಿದೆ.

ಹೋನೆಗೆ ಹೇಳು: ಬಿಡ್ಡಿಯ ಬಾಯಿ ಸೂಕ್ಷ್ಮ. ಲಗಾಮು ಜಗ್ಗಿದರೆ ಮುನಿಸಿಕೊಂಡು ನಿಂತುಬಿಡುತ್ತಾಳೆ, ಸಡಿಲ ಬಿಟ್ಟರೆ ಪ್ರಾಣ ಕೊಟ್ಟು ಓಡುತ್ತಾಳೆ. ಅವಳು ತಾಯಿ ಸತ್ತ ಮರಿಯಾಗಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿದವಳು ನಾನು. ಅಷ್ಟು ಹೇಳುವ ಅಧಿಕಾರ ನನಗಿದೆ.

ಇನ್ನೊಂದು. ನೀನು ‘ಡೂಗಲ್ ಮೀಕ್’ ಎಂದು ಸಹಿ ಹಾಕುತ್ತೀಯ. ಬ್ಯಾಂಕಿನವರೂ ನನಗೆ ಹಾಗೇ ಪೂರ್ತಿ ಹೆಸರು ಹಾಕಿ ಬರೆಯುತ್ತಾರೆ.

ನೋಲಾ


ಟೋರೆಯಾ ತೀರ,
20 ಡಿಸೆಂಬರ್ 1978

ನೋಲಾ,

ಕ್ರಿಸ್‌ಮಸ್ಸಿಗೆ ಹಣ್ಣಿನ ಕೇಕು ಕಳಿಸಿದ್ದೇವೆ. ಮಾಡಿದ್ದು ನಿಮ್ಮಮ್ಮ, ಕಟ್ಟಿದ್ದು ನಾನು. ಹಗ್ಗ ಬಿಚ್ಚುವುದು ಸ್ವಲ್ಪ ಕಷ್ಟವಾದೀತು.

ಹೋನೆಗೆ ಹೇಳಿದೆ. ಕೇಳಿಸಿಕೊಂಡ.

ಸಮಿತಿಯಲ್ಲಿ ಈ ಸಲ ಚೀಟಿಯ ವಿಷಯಕ್ಕೆ ಗಲಾಟೆ. ಹೋದ ವರ್ಷ ಕ್ಲಾರಿ ಬಟಲ್‌ನನ್ನು ಸಮುದ್ರಕ್ಕೆ ಎಸೆದದ್ದು, ಅವನು ಹದಿನೈದು ದಿನ ಕೆಮ್ಮಿದ್ದು ನಿನಗೆ ಗೊತ್ತಿರಬೇಕು. ಅದಕ್ಕೇ ಆ ನಿಯಮವನ್ನೇ ಕಿತ್ತುಹಾಕಿ ಎಂದು ಗೊತ್ತುವಳಿ ತಂದ. ನಾನು ಒಪ್ಪಲಿಲ್ಲ. ಕಪ್ಪಿನ ಓಟಕ್ಕೆ ಎಲ್ಲರೂ ಮಡಿಸಿದ ಚೀಟಿ ಕೊಳ್ಳಬೇಕು, ಕುದುರೆಗಳು ಗೆರೆಗೆ ಹೋದ ಮೇಲೆಯೇ ಬಿಚ್ಚಬೇಕು, ಒಳಗೆ ಯಾವ ಕುದುರೆಯ ಹೆಸರಿದೆಯೋ ಅದಕ್ಕೆ ಮಾತ್ರ ಕೂಗಬೇಕು. ಬಾಯಿ ತಪ್ಪಿ ಬೇರೆ ಕುದುರೆಗೆ ಕೂಗಿದವನು, ಅದು ಅವನ ಸ್ವಂತ ಕುದುರೆಯಾದರೂ ಸರಿಯೆ, ನೀರಿಗೆ. ಇದು ನಮ್ಮ ಅಜ್ಜಂದಿರು ಯೋಚಿಸಿ ಮಾಡಿದ್ದು. ನನ್ನ ಕುದುರೆ, ನನ್ನ ಮಗ ಎಂದು ಒಬ್ಬೊಬ್ಬನೂ ಕಿರುಚುತ್ತ ಬಂದಿದ್ದರೆ ಈ ತೀರದಲ್ಲಿ ಇಷ್ಟು ಹೊತ್ತಿಗೆ ಒಬ್ಬರ ಮನೆ ಬಾಗಿಲು ಒಬ್ಬರು ತುಳಿಯುತ್ತಿರಲಿಲ್ಲ. ನಾನು ಮೂವತ್ತು ವರ್ಷದಿಂದ ಚೀಟಿ ಕೊಳ್ಳುತ್ತಿದ್ದೇನೆ. ನನ್ನ ಬೂಟು ಒಮ್ಮೆಯೂ ಒದ್ದೆಯಾಗಿಲ್ಲ. ಬಾಯಿ ಹಿಡಿತದಲ್ಲಿದ್ದರೆ ಯಾರಿಗೂ ಕೆಮ್ಮು ಬರುವುದಿಲ್ಲ ಎಂದು ಸಭೆಗೆ ತಿಳಿಸಿದೆ.

ಸರ್ಕಾರ ಈ ಬೇಸಿಗೆಯೂ, ಅಕ್ಟೋಬರಿನಿಂದ ಮಾರ್ಚಿನವರೆಗೆ, ಸಂಜೆಯ ಬೆಳಕು ಉಳಿಯಲಿ ಎಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕಿಸಿದೆ. ಕುರಿಗೆ ಇದು ಗೊತ್ತಿಲ್ಲ, ಸಮುದ್ರಕ್ಕೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಹಳೆಯ ಗಂಟೆಯೇ ನಡೆಯುತ್ತಿದೆ.

ಇಂತಿ,
ಡೂಗಲ್ ಮೀಕ್

(ಹೋನೆ ಮೋಟಾರ್ ಬೈಕಿನಿಂದ ಬಿದ್ದು ಕೊರಳೆಲುಬು ಮುರಿದುಕೊಂಡಿದ್ದಾನೆ. ನಿಮ್ಮಪ್ಪ ಬಿಡ್ಡಿಯ ಬಾಯಿಯ ವಿಷಯ ಅವನಿಗೆ ಹೇಳಿದ್ದು ಆಸ್ಪತ್ರೆಯ ಮಂಚದ ಪಕ್ಕ ನಿಂತು. ಕೇಕಿನ ಹಗ್ಗದ ವಿಷಯ ಬರೆದ, ಇದನ್ನು ಬರೆಯಲಿಲ್ಲ. — ಅಮ್ಮ)


ಆ್ಯಶ್‌ಬರ್ಟನ್,
6 ಜನವರಿ 1979

ಅಪ್ಪ,

ಕೇಕು ಬಂತು. ಹಗ್ಗಕ್ಕೆ ಗೊರಸು ಕೆತ್ತುವ ಚಾಕು ತರಬೇಕಾಯಿತು.

ಹೋನೆಯ ಮೂಳೆ ಮಾರ್ಚಿನೊಳಗೆ ಕೂಡುತ್ತದೆಯೇ? ಇಲ್ಲವಾದರೆ ಬಿಡ್ಡಿಯ ಮೇಲೆ ಯಾರು? ಇದು ಪ್ರಶ್ನೆ. ಕೆಳಗೆ ಗೆರೆ ಎಳೆದಿದ್ದೇನೆ, ಮಳೆಯ ಸುದ್ದಿ ಬರೆಯುವ ಗಡಿಬಿಡಿಯಲ್ಲಿ ಕಣ್ತಪ್ಪಿ ಹೋಗದಿರಲಿ ಎಂದು.

ನೋಲಾ


ಟೋರೆಯಾ ತೀರ,
17 ಜನವರಿ 1979

ನೋಲಾ,

ಮೂಳೆ ಕೂಡುವುದಿಲ್ಲವಂತೆ. ಬಿಡ್ಡಿಗೆ ಸವಾರರು ಇನ್ನೂ ಗೊತ್ತಾಗಿಲ್ಲ. ಕ್ಲಾರಿಯ ಅಳಿಯ ಕೇಳಿದ್ದಾನೆ. ಒಳ್ಳೆಯವನೇ. ಲಗಾಮಿನ ಮೇಲೆ ಕೈ ಭಾರ.

ನಿಯಮದ ಪ್ರಕಾರ ಯಾರು ಬೇಕಾದರೂ ಫೆಬ್ರವರಿ ಹತ್ತರೊಳಗೆ ಸಮಿತಿಯ ಅಧ್ಯಕ್ಷರಿಗೆ ಬರವಣಿಗೆಯಲ್ಲಿ ಅರ್ಜಿ ಕಳಿಸಬಹುದು. ಯಾರು ಬೇಕಾದರೂ ಎಂದರೆ ಯಾರು ಬೇಕಾದರೂ.

ಮಳೆ ಬಂತು. ಸಾಕಷ್ಟು.

ಇಂತಿ,
ಡೂಗಲ್ ಮೀಕ್

(ಇದು ಅವನ ಕರೆಯೋಲೆ. ಇದಕ್ಕಿಂತ ಚೆನ್ನಾಗಿ ಬರೆಸಲು ನನ್ನ ಕೈಲಾಗಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅಪ್ಪ ಮಗಳು ಇಬ್ಬರೂ ಕೂತರೆ ಬಿಡ್ಡಿಗೆ ಹದಿಮೂರಾಗುತ್ತದೆ, ಅಷ್ಟೇ. — ಅಮ್ಮ)


ಆ್ಯಶ್‌ಬರ್ಟನ್,
28 ಜನವರಿ 1979

ಟೋರೆಯಾ ತೀರದ ಕುದುರೆ ಓಟದ ಸಮಿತಿಯ ಮಾನ್ಯ ಅಧ್ಯಕ್ಷರಿಗೆ,

ಮಾನ್ಯರೇ,

ಮಾರ್ಚ್ 3ರಂದು ನಡೆಯುವ ಕಪ್ಪಿನ ಓಟದಲ್ಲಿ ಬಿಡ್ಡಿ ಎಂಬ ಕಂದು ಹೆಣ್ಣು ಕುದುರೆಯ ಸವಾರಿಗಾಗಿ ಈ ಮೂಲಕ ಅರ್ಜಿ ಸಲ್ಲಿಸುತ್ತಿದ್ದೇನೆ. ವಯಸ್ಸು ಇಪ್ಪತ್ತಾರು. ತೂಕ ಕಡಿಮೆ. ಸದರಿ ಕುದುರೆಯನ್ನು ಮೂರು ತಿಂಗಳ ಮರಿಯಿಂದ ಬಲ್ಲೆ. ಸದರಿ ತೀರದ ಮರಳಿನಲ್ಲಿ ನಡೆಯಲು ಕಲಿತವಳು ನಾನು. ನನ್ನ ನಡತೆಯ ಬಗ್ಗೆ ಯಾರನ್ನಾದರೂ ವಿಚಾರಿಸುವುದಿದ್ದರೆ ಕುದುರೆಯನ್ನೇ ವಿಚಾರಿಸಬಹುದು. ಅಧ್ಯಕ್ಷರಿಗೂ ನನ್ನ ಪರಿಚಯ ಇದ್ದೀತೆಂದು ನಂಬಿದ್ದೇನೆ.

ತಮ್ಮ ವಿಶ್ವಾಸಿ,
ಕುಮಾರಿ ನೋಲಾ ಮೀಕ್


ಟೋರೆಯಾ ತೀರ,
8 ಫೆಬ್ರವರಿ 1979

ಕುಮಾರಿ ನೋಲಾ ಮೀಕ್ ಅವರಿಗೆ,

ತಮ್ಮ ಅರ್ಜಿ ತಲುಪಿದೆ. ಸಮಿತಿ ಅದನ್ನು ಒಪ್ಪಿದೆ. ಸವಾರರು ತಮ್ಮ ಟೊಪ್ಪಿಗೆ ಮತ್ತು ಬೂಟನ್ನು ತಾವೇ ತರತಕ್ಕದ್ದು.

ಡೂಗಲ್ ಮೀಕ್, ಅಧ್ಯಕ್ಷ

ನೋಲಾ,

ಹೋದ ಚಳಿಗಾಲದ ಬಿರುಗಾಳಿಗೆ ತೊರೆಯ ಬಾಯಿ ಬಡಗಣಕ್ಕೆ ಸರಿದಿದೆ. ನೀನಿದ್ದಾಗ ಇದ್ದಲ್ಲಿ ಇಲ್ಲ. ಓಟ ಶುರುವಾಗುವ ಗೆರೆಯಿಂದ ಸ್ವಲ್ಪ ಮುಂದೆ ಒಂದು ಕಡೆ ಮರಳು ಹುಸಿ, ಮೇಲೆ ಗಟ್ಟಿ ಕಾಣುತ್ತದೆ, ಒಳಗೆ ಗಂಜಿ. ಅಲ್ಲಿ ಕೆಂಪು ಬಟ್ಟೆ ಕಟ್ಟಿದ ಗೂಟ ನೆಡಿಸುತ್ತೇನೆ. ಗೂಟದ ಸಮುದ್ರದ ಕಡೆಯಿಂದ ಹೋಗು, ದಿಬ್ಬದ ಕಡೆಯಿಂದ ಬೇಡ. ಅರ್ಧ ದಾರಿಯಲ್ಲಿ ಹಳೆಯ ಹಡಗಿನ ಪಕ್ಕೆಲುಬು ಮರಳಿನಿಂದ ಮೇಲೆದ್ದಿತ್ತು, ಟ್ರ್ಯಾಕ್ಟರಿನಲ್ಲಿ ಎಳೆಸಿ ಹಾಕಿದ್ದೇನೆ. ಗುಂಪಿನ ಮಧ್ಯೆ ಸಿಕ್ಕಿಹಾಕಿಕೊಳ್ಳಬೇಡ. ಟಿಪೆನೆಯ ಗವರ್ನರ್ ಕುದುರೆ ಎಡಕ್ಕೆ ವಾಲುತ್ತದೆ, ಅದರ ಎಡಗಡೆ ಇರಬೇಡ. ಟೊಪ್ಪಿಗೆಯ ಪಟ್ಟಿ ಹೊಸದಾಗಿರಲಿ. ಕಾಲಿಡುವ ರಿಕಾಪಿನ ಚರ್ಮವನ್ನು ನಾನೇ ಬದಲಾಯಿಸಿದೆ.

ಓಟಕ್ಕೆ ಮರಳು ಗಟ್ಟಿಯಿರಬೇಕಲ್ಲ, ಸಮುದ್ರದ ಇಳಿತದ ಹೊತ್ತನ್ನು ಈ ಸಲ ಎಚ್ಚರದಿಂದ ನೋಡಿದ್ದೇನೆ. ಪ್ರತಿ ವರ್ಷ ನಾನು ಬಂದರಿನ ಪುಸ್ತಕ ನೋಡಿ ಹಳೆಯ ಗಂಟೆಯಲ್ಲೇ ಹೇಳುತ್ತಿದ್ದೆ, ಜನ ಲೆಕ್ಕ ಹಾಕಿಕೊಂಡು ಬರುತ್ತಿದ್ದರು. ಈ ಸಲ ಯಾರಿಗೂ ಗೊಂದಲ ಬೇಡ ಎಂದು ಪೇಟೆಯ ಪತ್ರಿಕೆಯವರ ಇಳಿತದ ಪಟ್ಟಿಯನ್ನೇ ತರಿಸಿ, ಅದಕ್ಕೆ ಒಂದು ಗಂಟೆ ಸೇರಿಸಿ, ಸರ್ಕಾರದ ಗಡಿಯಾರಕ್ಕೆ ಹೊಂದಿಸಿ ಹೊತ್ತು ಇಟ್ಟಿದ್ದೇನೆ. ಎರಡು ಸಲ ಕೂಡಿ ನೋಡಿದೆ.

ಇಂತಿ,
ಡೂಗಲ್ ಮೀಕ್

(ರಾತ್ರಿ ಮಲಗಿದಲ್ಲೇ ಲೆಕ್ಕ ಹಾಕುತ್ತಾನೆ. ರಿಕಾಪಿನ ಚರ್ಮವನ್ನು ಬದಲಾಯಿಸಿದ್ದು ಎರಡು ಸಲ. — ಅಮ್ಮ)


ಆ್ಯಶ್‌ಬರ್ಟನ್,
18 ಫೆಬ್ರವರಿ 1979

ಅಪ್ಪ,

ಶುಕ್ರವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಶನಿವಾರ ಕಪ್ಪಿನ ಓಟ ಮುಗಿದ ಕೂಡಲೇ ಹೊರಡಬೇಕು, ಇಲ್ಲದಿದ್ದರೆ ಭಾನುವಾರದ ಹಡಗು ತಪ್ಪುತ್ತದೆ. ಟಿಪೆನೆಯ ಮಗಳು ಕಾರಿನಲ್ಲಿ ಬಿಡುತ್ತೇನೆ ಅಂದಿದ್ದಾಳೆ.

ಮರಳಿನ ಬಗ್ಗೆ ಬರೆದದ್ದಕ್ಕೆ ಉಪಕಾರವಾಯಿತು. ಮರಳು ನನಗೆ ಗೊತ್ತು. ಹದಿನೆಂಟರ ವಯಸ್ಸಿನಲ್ಲಿ ಬೇಸಿಗೆಯ ಸಂಜೆ ನಾನು ಬಿಡ್ಡಿಯನ್ನು ನೊರೆಯಲ್ಲೇ ಓಡಿಸುತ್ತಿದ್ದೆ, ನೀನು ಬೇಲಿಯ ಹತ್ತಿರ ನಿಂತು ನೋಡುತ್ತಿದ್ದೆ. ಆಗ ಒಂದು ದಿನವೂ ಬೇಡ ಅನ್ನಲಿಲ್ಲ.

ನೋಲಾ


ಆ್ಯಶ್‌ಬರ್ಟನ್,
10 ಮಾರ್ಚ್ 1979

ಅಪ್ಪ,

ಬಂದು ತಲುಪಿದೆ. ಹಡಗು ಸಿಕ್ಕಿತು. ಬಲ ಭುಜ ಇನ್ನೂ ನೋಯುತ್ತಿದೆ, ಕೆಲಸಕ್ಕೇನೂ ತೊಂದರೆಯಿಲ್ಲ.

ಓಟವನ್ನು ನೀನು ಆ ತುದಿಯಿಂದ ನೋಡಿದ್ದೀಯ. ಈ ತುದಿಯ ಸುದ್ದಿ ಬರೆಯುತ್ತೇನೆ, ಸಮಿತಿಯ ದಾಖಲೆಗೆ ಬೇಕಾದರೆ ಇರಲಿ. ಕಪ್ಪಿನ ಓಟಕ್ಕೆ ನಾವು ಏಳು ಜನ ತೊರೆಯ ಬಾಯಿಯ ಹತ್ತಿರ ಸಾಲು ನಿಂತಾಗಲೇ ಸಮುದ್ರದ ಕಡೆಯ ಗೂಟಗಳ ಬುಡಕ್ಕೆ ನೀರು ಬಂದಿತ್ತು. ಇಳಿತದಲ್ಲಿ ಆ ಗೂಟಗಳ ಆಚೆಗೂ ಒಂದು ಹೊಲದಷ್ಟು ಗಟ್ಟಿ ಮರಳು ಇರಬೇಕು. ಬಾವುಟ ಹಿಡಿದು ನಿಂತಿದ್ದ ಟಿಪೆನೆ ಒಮ್ಮೆ ನೀರು ನೋಡಿದ, ಒಮ್ಮೆ ಆಕಾಶ ನೋಡಿದ.

“ನಿಮ್ಮಪ್ಪ ಪತ್ರಿಕೆ ನೋಡಿ ಒಂದ್ ಗಂಟೆ ಸೇರಿಸ್ದೆ ಅಂದ್ನಲ್ಲ ಕಣಮ್ಮ, ಪತ್ರಿಕೆಯೋರು ಆಗ್ಲೇ ಸೇರ್ಸೇ ಹಾಕಿರ್ತಾರೆ. ಸಮುದ್ರ ದಡಕ್ಕೆ ವಾಪಸ್ ಹೊರ್ಟು ಒಂದ್ ಗಂಟೆ ಆಯ್ತು,” ಅಂದ.

ಮೂವತ್ತು ವರ್ಷ ತಪ್ಪದ ನೀನು ಈ ವರ್ಷವೇ ತಪ್ಪಿದೆ. ಆದರೆ ಆ ತುದಿಯಲ್ಲಿ ನಿನ್ನ ಬಿಳಿ ಬಾವುಟ ಎದ್ದಿತ್ತು. ನಿನ್ನ ಬಾವುಟ ಎದ್ದ ಮೇಲೆ ಆ ತೀರದಲ್ಲಿ ಯಾರೂ ತಿರುಗಿ ಕೇಳುವುದಿಲ್ಲ. ಟಿಪೆನೆಯೂ ಕೇಳಲಿಲ್ಲ. ತನ್ನ ಬಾವುಟ ಇಳಿಸಿದ.

ಉಳಿದವರೆಲ್ಲ ನೀರಿಗೆ ಹೆದರಿ ದಿಬ್ಬದ ಕಡೆ ಒತ್ತಿದರು. ಅಲ್ಲಿ ಮರಳು ಸಡಿಲ, ಕುದುರೆಗಳು ಹೂತು ಹೂತು ಏಳುತ್ತಿದ್ದವು. ನಾನು ನೀನು ಬರೆದ ಹಾಗೆ ಕೆಂಪು ಗೂಟದ ಸಮುದ್ರದ ಕಡೆಯಿಂದ ಬಂದೆ. ಅಲ್ಲಿಂದ ಮುಂದೆ ನೀರಲ್ಲೇ. ಲಗಾಮನ್ನು ಅವಳ ಕುತ್ತಿಗೆಯ ಮೇಲೆ ಬಿಟ್ಟುಬಿಟ್ಟೆ. ಬಿಡ್ಡಿಗೆ ತನಗೆ ಹನ್ನೆರಡಾಯಿತೆಂದು ಯಾರೂ ಹೇಳಿದಂತಿರಲಿಲ್ಲ. ಅರ್ಧ ದಾರಿಯಲ್ಲಿ ಒಂದು ಅಲೆ ಬಂದು ಪಕ್ಕಕ್ಕೆ ಹೊಡೆಯಿತು. ಅವಳು ಮುಗ್ಗರಿಸಿದಳು, ನನ್ನ ಒಂದು ಕಾಲು ರಿಕಾಪಿನಿಂದ ಜಾರಿತು, ಕಣ್ಣು ಬಾಯಿ ಎಲ್ಲ ಉಪ್ಪುನೀರು. ಆಮೇಲೆ ಅವಳೇ ಸುಧಾರಿಸಿಕೊಂಡು ಎದ್ದಳು, ನಾನು ಅವಳ ಕೂದಲು ಹಿಡಿದಿದ್ದೆ ಅಷ್ಟೇ. ಕೊನೆಗೆ ಗವರ್ನರ್ ಕತ್ತಿನಷ್ಟು ಮುಂದೆ. ನಾವು ಎರಡನೆಯವರು. ನನಗೆ ಬೇಸರವಿಲ್ಲ.

ಬೇಸರ ಆಮೇಲಿನದು. ಕುದುರೆ ಇಳಿದು ನೋಡುತ್ತೇನೆ, ಅಂಚಿನ ಹಗ್ಗದ ಹತ್ತಿರ ಎಲ್ಲರೂ ಇದ್ದಾರೆ, ನೀನಿಲ್ಲ. ಡೇರೆಯೊಳಗೆ ಹೋಗಿದ್ದೆ. ನಾನೇ ಹುಡುಕಿಕೊಂಡು ಬಂದೆ. ನೀನು ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು “ಗಡಿಯಾರ ತಪ್ಪಿತ್ತು” ಅಂದೆ. ನಾನು “ಹೌದು” ಅಂದೆ. ಶುಕ್ರವಾರ ರಾತ್ರಿಯ ಮಳೆ, ಕುರಿಯ ಸುದ್ದಿ ಬಿಟ್ಟರೆ, ಮೂರು ವರ್ಷ ಆದ ಮೇಲೆ ನಾವಿಬ್ಬರೂ ಆಡಿದ್ದು ಅಷ್ಟು ಮಾತು. ಟಿಪೆನೆಯ ಮಗಳು ಕಾರಿನ ಹಾರ್ನ್ ಹೊಡೆಯುತ್ತಿದ್ದಳು, ನಾನು ಹೊರಟೆ. ದಾರಿಯುದ್ದಕ್ಕೂ ಅಳು ಬಂತು. ನೀರಿಗೆ ಹೆದರಿ ಅಲ್ಲ.

ಮುಂದಿನ ವರ್ಷ ಬರುತ್ತೀಯಾ ಎಂದು ಅವಳು ಕೇಳಿದಳು. ನನ್ನನ್ನು ಇನ್ನೂ ಯಾರೂ ಕರೆದಿಲ್ಲ ಎಂದು ಹೇಳಿದೆ.

ನೋಲಾ


ಟೋರೆಯಾ ತೀರ,
17 ಮಾರ್ಚ್ 1979

ನೋಲಾ,

ಕಪ್ಪಿನ ಓಟದ ಹೊತ್ತನ್ನು ತಪ್ಪಾಗಿ ಇಟ್ಟದ್ದಕ್ಕೆ ಸಮಿತಿಯ ಅಧ್ಯಕ್ಷನಾಗಿ ಎಲ್ಲ ಸವಾರರಿಗೂ ಕ್ಷಮಾಪಣೆಯ ಕಾಗದ ಕಳಿಸಿದ್ದೇನೆ. ನಿನ್ನದು ಇದರ ಜೊತೆಗಿದೆ. ಮುಂದಿನ ವರ್ಷದಿಂದ ಬಂದರಿನ ಪುಸ್ತಕ ಮಾತ್ರ.

ಬಿಡ್ಡಿಯ ಮುಂಗಾಲಿಗೆ ಸ್ವಲ್ಪ ಬಾವು ಬಂದಿತ್ತು, ಇಳಿದಿದೆ. ಈಗ ಮೇಲಿನ ಹುಲ್ಲುಗಾವಲಿನಲ್ಲಿದ್ದಾಳೆ.

ನನಗೆ ಶೀತ, ಕೆಮ್ಮು. ಕಡಲಗಾಳಿಗೆ ಬಂದದ್ದು. ಕನ್ನಡಕವೂ ಕಳೆದಿದೆ. ಹೊಸದು ಬರುವವರೆಗೆ ಅಕ್ಷರ ಹೀಗೇ.

ಇಂತಿ,
ಡೂಗಲ್ ಮೀಕ್

(ಕಡಲಗಾಳಿಯಂತೆ. ನಾನು ಬೇರೆಯೇ ಬರೆಯುತ್ತೇನೆ. — ಅಮ್ಮ)


ಟೋರೆಯಾ ತೀರ,
19 ಮಾರ್ಚ್ 1979

ನನ್ನ ನೋಲಾ,

ನಿಮ್ಮಪ್ಪ ಬೇಲಿ ಸರಿ ಮಾಡಲು ಹೋಗಿದ್ದಾನೆ, ಸಂಜೆವರೆಗೆ ಬರುವುದಿಲ್ಲ. ಆ ದಿನದ ವಿಷಯ ನಿನಗೆ ಯಾರೂ ಹೇಳಕೂಡದು ಎಂದು ಸಮಿತಿಯ ಎಂಟು ಜನರಿಂದಲೂ ಮಾತು ತೆಗೆದುಕೊಂಡಿದ್ದಾನೆ. ನನ್ನಿಂದಲೂ ಕೇಳಿದ. ನಾನು ಸ್ಕೋನ್ ಬನ್ನು ಬೇಯಿಸುತ್ತಿದ್ದೆ, ಕೇಳಿಸಲಿಲ್ಲ ಎಂದು ಸುಮ್ಮನಾದೆ.

ಓಟದ ಹೊತ್ತಿಗೆ ನಾನು ಅವನ ಪಕ್ಕದಲ್ಲೇ ಹಗ್ಗ ಹಿಡಿದು ನಿಂತಿದ್ದೆ. ಚೀಟಿ ಬಿಚ್ಚಿದೆವು. ನನಗೆ ಕ್ಲಾರಿಯ ಅಳಿಯನ ಮುದಿ ಕುದುರೆ. ಅವನ ಚೀಟಿಯಲ್ಲಿ ಗವರ್ನರ್. ಗೆದ್ದ ಚೀಟಿಗೆ ಇಡೀ ಹಂದಿ ತೊಡೆ ಇತ್ತು. ಈ ಸಲ ಅದು ನಮ್ಮ ಮನೆಗೇ ಬರುತ್ತದೆ ಎಂದು ನಾನು ಮನಸ್ಸಿನಲ್ಲೇ ಆಲೂಗಡ್ಡೆ ಸುಲಿಯಲು ಶುರು ಮಾಡಿದ್ದೆ. ನೀವು ಹೊರಟಿರಿ. ಅವನು ಒಂದೆರಡು ಸಲ “ಗವರ್ನರ್, ಗವರ್ನರ್” ಅಂದ, ಚರ್ಚಿನಲ್ಲಿ ಪ್ರಾರ್ಥನೆ ಹೇಳಿಕೊಳ್ಳುವ ಹಾಗೆ ಮೆಲ್ಲಗೆ. ಪ್ರತಿ ವರ್ಷವೂ ಅಷ್ಟೇ ಅವನದು.

ಆಮೇಲೆ ಆ ಅಲೆ ಎದ್ದಿತು. ನಮ್ಮ ಕಡೆಯಿಂದ ನೀನೂ ಕಾಣಲಿಲ್ಲ, ಬಿಡ್ಡಿಯೂ ಕಾಣಲಿಲ್ಲ, ಬರೀ ಬಿಳಿ ನೊರೆ. ಪಕ್ಕದಲ್ಲಿ ಏನೋ ಸಿಡಿದ ಹಾಗಾಯಿತು, ತಿರುಗಿ ನೋಡಿದರೆ ನಿಮ್ಮಪ್ಪ. ಹಗ್ಗ ದಾಟಿ ಮೊಣಕಾಲವರೆಗೆ ನೀರಿಗೆ ಇಳಿದುಬಿಟ್ಟಿದ್ದ. ಅವನ ಗಂಟಲಲ್ಲಿ ಅಷ್ಟು ದನಿ ಇದೆಯೆಂದು ಮದುವೆಯಾಗಿ ಇಷ್ಟು ವರ್ಷ ನನಗೂ ಗೊತ್ತಿರಲಿಲ್ಲ. “ನೋಲಾ! ನೋಲಾ!” ಒಂದು ಸಲವಲ್ಲ. ನೀನು ನೊರೆಯಿಂದ ಹೊರಗೆ ಬಂದ ಮೇಲೂ ಕೂಗಿದ, ಗೆರೆ ದಾಟಿದ ಮೇಲೂ ಕೂಗಿದ. ಹೆದರಿಕೆಗೆ ಶುರು ಮಾಡಿದ್ದು, ಕೊನೆಕೊನೆಗೆ ಕೇಳಿದರೆ ಹೆದರಿಕೆ ಇರಲಿಲ್ಲ. ಅಲೆಯ ಸದ್ದಿನಲ್ಲಿ ನಿನಗೆ ಕೇಳಿಸಿರಲಾರದು. ಊರಿಗೆಲ್ಲ ಕೇಳಿಸಿತು. ಆಮೇಲೆ ಸೀದಾ ಡೇರೆಗೆ ಹೋಗಿ ನಿಂತ. ಜೇಬಿನಲ್ಲಿ ಕೈ ಇಟ್ಟುಕೊಂಡಿದ್ದ ಎಂದು ಬರೆದಿದ್ದೀಯಲ್ಲ, ಒಳಗೆ ಗವರ್ನರಿನ ಚೀಟಿಯನ್ನು ಮುದ್ದೆ ಮಾಡಿ ಹಿಡಿದಿದ್ದ.

ನೀನು ಹೋದ ಮೇಲೆ ಸಮಿತಿ ಸೇರಿತು. ಕ್ಲಾರಿಗೆ ಹಬ್ಬ. ಅಧ್ಯಕ್ಷರ ಚೀಟಿ ಗವರ್ನರಿನದು, ಕೂಗಿದ್ದು ಬೇರೆ, ನೀರಿಗೆ ಹಾಕಿ ಎಂದು ಎದ್ದು ನಿಂತ. ಟಿಪೆನೆ ಬಿಡಲಿಲ್ಲ. ನಿಯಮ ಇರುವುದು ಬೇರೆ ಕುದುರೆಗೆ ಕೂಗಬಾರದು ಎಂದು, ಡೂಗಲ್ ಯಾವ ಕುದುರೆಯ ಹೆಸರನ್ನೂ ಎತ್ತಿಲ್ಲ ಎಂದು ವಾದ ಹೂಡಿದ.

“ನೋಲಾ ಅನ್ನೋ ಕುದ್ರೆ ಯಾವ್ದಪ್ಪ ಇದೆ ನಮ್ ತೀರದಲ್ಲಿ? ತಂದೆ ಆದೋನು ಮಗಳ ಹೆಸ್ರು ಕರ್ದ್ರೆ ಅದೂ ತಪ್ಪಾ?” ಅಂದ.

“ಕರ್ಯೋದಾ ಅದು? ನನ್ ಕುರಿ ಎಲ್ಲಾ ಬೆಟ್ಟದ್ ಆಚೆ ಓಡಿ ಹೋದ್ವು,” ಅಂದ ಕ್ಲಾರಿ.

ಎಲ್ಲರೂ ನಕ್ಕರು, ಆದರೂ ಮತಕ್ಕೆ ಹಾಕಿದರು. ನಾಲ್ಕು–ನಾಲ್ಕು.

ಡೇರೆಯಲ್ಲಿ ಎಲ್ಲರಿಗೂ ಅದೇ ನೆನಪಾಗಿರಬೇಕು, ಮೂರು ವರ್ಷದ ಹಿಂದಿನದು. ಮತ್ತೆ ಅಧ್ಯಕ್ಷರ ಮತ. ನಿಮ್ಮಪ್ಪ ಕನ್ನಡಕ ತೆಗೆದು ಒರೆಸಿಕೊಂಡ, ಅವತ್ತಿನ ಹಾಗೇ. ನಾನು ನೆಲ ನೋಡುತ್ತ ನಿಂತೆ. ಮಗಳನ್ನು ಕರೆದೆ ಅಷ್ಟೇ ಎಂದು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು, ಟಿಪೆನೆ ಬಾಗಿಲು ತೆರೆದಿಟ್ಟಿದ್ದ. ಹಂದಿ ತೊಡೆಯೂ ನಮ್ಮದೇ ಆಗುತ್ತಿತ್ತು.

“ಕೂಗಿದ್ದು ನಾನು. ಅವಳಿಗೇ ಕೂಗಿದ್ದು. ಕೂಗ್ಲಿಲ್ಲ ಅಂತ ಇನ್ನೊಂದ್ ಸಲ ಅವಳ ವಿರುದ್ಧ ಮತ ಹಾಕೋದು ನನ್ನ ಕೈಲಾಗಲ್ಲ,” ಅಂದ. “ನೀರಿಗೆ ಹಾಕಿ.”

ಕೋಟು, ಟೈ, ಬೂಟು, ಕನ್ನಡಕ ಸಮೇತ ಹಾಕಿದರು. ಟಿಪೆನೆ ಕಾಲು ಹಿಡಿದಿದ್ದ. “ಮಾಡಿದ್ದುಣ್ಣೋ ಮಹಾರಾಯ” ಎಂದು ಹೇಳಿಯೇ ಎಸೆದ. ಎದ್ದು ಬಂದಾಗ ಕನ್ನಡಕ ಇರಲಿಲ್ಲ. ಅವನ ಚೀಟಿ ರದ್ದಾಗಿ, ಎರಡನೆಯ ಕುದುರೆಯ ಚೀಟಿ ಹಿಡಿದಿದ್ದ ಕ್ಲಾರಿಯ ಮನೆಯವರು ಹಂದಿ ತೊಡೆಯನ್ನು ತಿಂದರು. ಚೆನ್ನಾಗಿತ್ತಂತೆ.

ಇಷ್ಟು ನಿನಗೆ ಗೊತ್ತಿರಬೇಕು ಅನಿಸಿತು. ಭುಜಕ್ಕೆ ಬಿಸಿ ಶಾಖ ಕೊಡು.

ಅಮ್ಮ


ಆ್ಯಶ್‌ಬರ್ಟನ್,
28 ಮಾರ್ಚ್ 1979

ಅಪ್ಪ,

ನೀರು ತಣ್ಣಗಿತ್ತಾ?

ನೋಲಾ


ಟೋರೆಯಾ ತೀರ,
8 ಏಪ್ರಿಲ್ 1979

ನೋಲಾ,

ತುಂಬ ತಣ್ಣಗಿತ್ತು.

ಹೊಸ ಕನ್ನಡಕ ಬಂದಿದೆ. ಹಳೆಯದು ಮೊನ್ನೆ ತೊರೆಯ ಬಾಯಿಯ ಹತ್ತಿರ ಟಿಪೆನೆಗೆ ಸಿಕ್ಕಿತು. ಒಂದು ಗಾಜು ಇದೆ.

ಕೆಳಗಿನ ಲಾಯದಲ್ಲಿ ಒಂದು ಮೂರು ತುಂಬಿದ ಕಪ್ಪು ಕುದುರೆ ಇದೆ. ನೀನು ಊರು ಬಿಟ್ಟ ವರ್ಷ ಹುಟ್ಟಿದ್ದು. ಸ್ವಲ್ಪ ತುಂಟ. ನೀರು ಕಂಡರೆ ಹೆದರುವುದಿಲ್ಲ. ಅದರ ಮೇಲೆ ಇನ್ನೂ ಯಾರನ್ನೂ ಹತ್ತಿಸಿಲ್ಲ, ಹತ್ತಿಸುವುದೂ ಇಲ್ಲ. ಮುಂದಿನ ಓಟ ಮಾರ್ಚ್ ಒಂದು, ಶನಿವಾರ.

ಇದು ಅರ್ಜಿಗೆ ಕರೆ ಅಲ್ಲ. ನೀನು ಬಾ ಎಂದು ನಾನು ಕೇಳುತ್ತಿದ್ದೇನೆ.

ನಿಮ್ಮಮ್ಮನಿಗೆ ಕಾಗದ ಓದಲು ಕೊಟ್ಟೆ. ಈ ಸಲ ಕೆಳಗೆ ಬರೆಯುವುದು ಏನೂ ಇಲ್ಲವಂತೆ.

ಅಪ್ಪ